ಎಡಕ್ಕೆ ತಿರುಗಿದ ಬಾಣ

ಗುಡ್ಡದ ಬುಡದಲ್ಲಿ ಹೊಸ ಬೋರ್ಡು: 'ಸುಲಭ ದಾರಿ. ಒಂದೇ ಗಂಟೆ. ಮಕ್ಕಳೂ ಹತ್ತಬಹುದು.' ಬರೆದವಳು ಬೋರ್ಡಮ್ಮ. ಊರಿನ ಅರ್ಧ ಅಂಗಡಿಗಳ ಹೆಸರು ಅವಳ ಕುಂಚದಿಂದಲೇ ಇಳಿದದ್ದು; ಅವಳ ಸ್ವಂತ ಹೆಸರು ಮಾತ್ರ ಯಾರಿಗೂ ನೆನಪಿರಲಿಲ್ಲ. ಹೋದ ವಾರ ದಾರಿಯುದ್ದಕ್ಕೂ ಹನ್ನೊಂದು ಹಳದಿ ಬಾಣ ಬರೆದದ್ದೂ ಅವಳೇ.

ಇವತ್ತು ಆ ಬಾಣಗಳ ಪರೀಕ್ಷೆಗೆ ಅತ್ತೆಯೇ ಹೊರಟಿದ್ದರು. ಮಂಡಿ ಆಪರೇಷನ್ ಆಗಿ ಆರು ತಿಂಗಳು. ಕುಂಚ ಹಿಡಿಯುವುದನ್ನು ಸೊಸೆಗೆ ಕಲಿಸಿದವರೇ ಅವರು. ಕೈ ನಡುಗತೊಡಗಿದ ಮೇಲೆ ಕುಂಚ ಬಿಟ್ಟರೇ ಹೊರತು ಬೈಯುವುದನ್ನು ಬಿಟ್ಟಿರಲಿಲ್ಲ.

"ಮಕ್ಕಳೂ ಹತ್ತಬಹುದು ಅಂತ ನೀನೇ ಬರ್ದಿದೀಯ. ಹಾಗಾದ್ರೆ ಅತ್ತೆಯಂದಿರೂ ಹತ್ತಬಹುದು ತಾನೇ?" ಎಂದು ಗೆಳತಿ ಪೋಸ್ಟಮ್ಮನನ್ನು ಜೊತೆಗೆ ಹಾಕಿಕೊಂಡು ಮೊದಲೇ ಹೊರಟುಬಿಟ್ಟರು. ಪೋಸ್ಟಮ್ಮ ಮೂವತ್ತು ವರ್ಷ ಮನೆಮನೆಗೆ ಕಾಗದ ಹಂಚಿ ನಿವೃತ್ತಿಯಾದವರು. ಔಷಧಿ ಅಂಗಡಿಗೆ ಬೋರ್ಡು ತೂಗುಹಾಕಿ ಬೋರ್ಡಮ್ಮ ಬರುವಷ್ಟರಲ್ಲಿ ಮುಕ್ಕಾಲು ಗಂಟೆ ತಡವಾಗಿತ್ತು.

ಎರಡನೇ ಬಾಣದ ಹತ್ತಿರ ಡ್ರಿಲ್ ಮೇಷ್ಟ್ರು ಇಳಿದು ಬರುತ್ತಿದ್ದರು.

"ಮೇಷ್ಟ್ರೇ, ನಮ್ಮತ್ತೆ ಸಿಕ್ಕಿದ್ರಾ? ಕೆಂಪು ಶಾಲು ಹೊದ್ಕೊಂಡಿದ್ರು."

"ಸಿಕ್ಕಿದ್ರಮ್ಮ. ಮೇಲೆಲ್ಲಾ ಮಂಜು. ನಾನು ಕವಲಿಂದಾನೇ ವಾಪಸ್ ಬಂದೆ. ಅವರಿಗೂ ಹೇಳ್ದೆ, ಏನೂ ಕಾಣಲ್ಲ, ಬಾಣ ಬಿಟ್ಟು ಒಂದು ಹೆಜ್ಜೆನೂ ಆಚೀಚೆ ಇಡ್ಬೇಡಿ ಅಂತ."

"ಒಳ್ಳೇದಾಯ್ತು ಬಿಡಿ."

"ಅದ್ಸರಿ, ಕವಲಲ್ಲಿ ಎಡಕ್ಕೆ ಯಾಕೆ ತೋರಿಸಿದೀಯ? ಬಲಕ್ಕೆ ಹೋಗೋದು ಅಂದ್ಕೊಂಡಿದ್ದೆ ನಾನು."

"ಎಡಕ್ಕಾ?"

"ಎಡಕ್ಕೇ. ಕಣ್ಣಾರೆ ನೋಡ್ದೆ."

ಬೋರ್ಡಮ್ಮನ ನಗು ತುಟಿಯಲ್ಲೇ ಒಣಗಿತು. ಇಡೀ ಗುಡ್ಡದಲ್ಲಿ ಎಡಕ್ಕೆ ತಿರುಗಿದ ಬಾಣವನ್ನು ಅವಳು ಒಂದೂ ಬರೆದಿರಲಿಲ್ಲ. ಕವಲಿನಿಂದ ಬಲಕ್ಕೆ ಹೋದರೆ ಕೆರೆ, ಊರು, ಆಚೆಯ ಬೆಟ್ಟಸಾಲು ಎಲ್ಲ ಕಾಣುವ ಬಂಡೆ. ಎಡಕ್ಕೆ ಹೋದರೆ ಹಳೇ ಕಲ್ಲು ಕ್ವಾರಿ. ಐವತ್ತು ಹೆಜ್ಜೆ ಸಪಾಟು ದಾರಿ, ಆಮೇಲೆ ದಾರಿಯೇ ಇಲ್ಲ. ನಲವತ್ತಡಿ ಕೆಳಗೆ ನೀರು.

ಅತ್ತೆಗೆ ಫೋನ್ ಮಾಡಿದಳು. ಅತ್ತೆಯ ಫೋನು ಅವಳ ಬ್ಯಾಗಿನಲ್ಲೇ ಹಾಡಿತು. 'ನನಗ್ಯಾಕೆ ಭಾರ, ನೀನೇ ತಗೊಂಡು ಬಾ' ಎಂದು ಬೆಳಿಗ್ಗೆ ಕೊಟ್ಟಿದ್ದರು.

ಅವಳು ಓಡಿದಳು. ಬ್ಯಾಗಿನಲ್ಲಿದ್ದ ಬಣ್ಣದ ಡಬ್ಬಿ ಬೆನ್ನಿಗೆ ಗುದ್ದುತ್ತಿತ್ತು. ಮೂರನೇ ಬಾಣ, ನಾಲ್ಕನೇದು, ಎಲ್ಲ ಇದ್ದಲ್ಲೇ ಇದ್ದವು. ಐದನೇದು ಕವಲಿನದು. ಅದು ನೆನಪಾದದ್ದೇ ತಡ, ಓಟ ಇನ್ನೂ ಜೋರಾಯಿತು. ಕವಲಿನಲ್ಲಿ ಭದ್ರವಾದ ಬಂಡೆಯೊಂದಿತ್ತು. ಆದರೆ ಅದರ ಮೈಯೆಲ್ಲಾ ಗುಳಿ, ಕುಂಚ ಓಡುತ್ತಲೇ ಇರಲಿಲ್ಲ. ಪಕ್ಕದಲ್ಲಿ ದಿಬ್ಬಕ್ಕೆ ಒರಗಿದ್ದ ಚಪ್ಪಡಿಯೊಂದು ಹಲಗೆಯಷ್ಟು ನುಣ್ಣಗಿತ್ತು. ಅಂಗಡಿಯಲ್ಲಿ ಹಲಗೆ ಆರಿಸುವ ಅಭ್ಯಾಸ; ಕೈ ತಾನಾಗಿ ಅತ್ತ ಹೋಗಿತ್ತು. ಬರೆಯುವಾಗ ಚಪ್ಪಡಿ ಒಮ್ಮೆ ಅಲುಗಿತ್ತು ಕೂಡ. ಅಡಿಗೆ ಕಲ್ಲಿನ ಚೂರೊಂದು ಸಿಕ್ಕಿಸಿ, 'ಸಾಕು ಬಿಡು' ಎಂದುಕೊಂಡಿದ್ದಳು.

ಕವಲು ಬಂತು. ಮಂಜು ಎಷ್ಟಿತ್ತೆಂದರೆ ಚಾಚಿದ ಕೈಯ ಆಚೆ ಏನೂ ಕಾಣುತ್ತಿರಲಿಲ್ಲ. ಚಪ್ಪಡಿ ಬಿದ್ದಿತ್ತೇನೋ, ಯಾರೋ ಪುಣ್ಯಾತ್ಮರು ಎತ್ತಿ ನಿಲ್ಲಿಸಿದ್ದರು. ತಲೆಕೆಳಗಾಗಿ. ಬಾಣ ಠೀವಿಯಿಂದ ಎಡಕ್ಕೆ ಕೈ ತೋರುತ್ತಿತ್ತು.

"ಅತ್ತೇ!"

ಗಾಳಿ ಮಾತ್ರ ಸುಯ್ಯೆನ್ನುತ್ತಿತ್ತು. ಎಡದ ದಾರಿಯಲ್ಲಿ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕಾಲಿಗೆ ಕೆಂಪಗೆ ಏನೋ ತೊಡರಿತು. ಅತ್ತೆಯ ಶಾಲು.

ಅತ್ತೇ, ಅತ್ತೇ ಎಂದು ಅರಚುತ್ತಲೇ ಮುಂದೆ ಹೋದಳು. ಹೆಜ್ಜೆ ಎಣಿಸುತ್ತಿದ್ದವಳಿಗೆ ಮೂವತ್ತರ ಮೇಲೆ ಲೆಕ್ಕ ತಪ್ಪಿತು. ಮಂಡಿಯೂರಿದಳು. ಅಂಗೈಯಿಂದ ನೆಲ ಸವರುತ್ತಾ ತೆವಳಿದಳು. ಒಂದು ಕಡೆ ಕೈಗೆ ನೆಲ ಸಿಗಲಿಲ್ಲ. ಕೈ ತಗಲಿ ಉರುಳಿದ ಕಲ್ಲೊಂದು ಸದ್ದಿಲ್ಲದೆ ಹೋಗಿ, ಆಮೇಲೆ ಎಲ್ಲೋ ಆಳದಲ್ಲಿ ಬುಳಕ್ ಎಂದಿತು.

"ಯಾರೇ ಅದು, ಬೆಟ್ಟಾನೇ ಬೀಳೋ ಹಾಗೆ ಅರಚ್ತಿರೋದು?"

ದನಿ ಬಂದದ್ದು ಕೆಳಗಿನಿಂದಲ್ಲ, ಹಿಂದಿನಿಂದ.

"ಅತ್ತೇ! ಎಲ್ಲಿದೀರಾ?"

"ನಾನು ಎಲ್ಲಿರ್ಬೇಕೋ ಅಲ್ಲೇ ಇದೀನಿ. ನೀನೆಲ್ಲಿದೀಯ? ಅಯ್ಯೋ, ಆ ಕಡೆನಾ? ಅಲ್ಲಾಡ್ಬೇಡ! ಕೂತ್ಕೊಂಡೇ ಹಿಂದೆ ಬಾ, ನನ್ನ ದನಿ ಹಿಡ್ಕೊಂಡು ಬಾ. ಹೂಂ... ಬಾ... ಇನ್ನೂ ಬಾ..."

ಕವಲಿಗೆ ಬಂದಾಗ ಅವಳ ಮೊಣಕಾಲು ತರಚಿ ರಕ್ತ ಬಂದಿತ್ತು. ಬಲದ ದಾರಿಯ ಬಂಡೆಯ ಮರೆಯಿಂದ ಅತ್ತೆ ಕೋಲೂರಿಕೊಂಡು ಎದ್ದು ಬಂದಿದ್ದರು, ಹಿಂದೆ ಪೋಸ್ಟಮ್ಮ.

"ಗಾಳಿಗೆ ಚಳಿ ಅಂತ ಈಗಷ್ಟೇ ಮರೆಗೆ ಕೂತ್ವಿ," ಎಂದರು ಪೋಸ್ಟಮ್ಮ. "ಗಾಳಿ ಸದ್ದಲ್ಲಿ ನಿನ್ನ ಕೂಗು ತಡವಾಗಿ ಕೇಳ್ತು. ಅಲ್ಲೀವರೆಗೂ ಕವಲಲ್ಲೇ ಕಾವಲು. ನಾಲ್ಕು ಜನಾನ ಬಲಕ್ಕೆ ಕಳಿಸಿದೀವಿ. ಎಡದ ದಾರಿಗೆ ಅಡ್ಡ ಕಟ್ಟಿದ್ದ ಶಾಲು ಗಾಳಿಗೆ ಬಿಚ್ಕೊಂಡಿದೆ ನೋಡು. ಆ ಚಪ್ಪಡಿ ತಿರುಗಿಸೋಣ ಅಂದ್ರೆ ನಮ್ಮಿಬ್ಬರ ಸೊಂಟ ಸೇರಿಸಿದ್ರೂ ಅಲ್ಲಾಡಲ್ಲ."

ಬೋರ್ಡಮ್ಮ ಅತ್ತೆಯನ್ನು ತಬ್ಬಿಕೊಂಡಳು. ಅತ್ತೆ ಅವಳ ಅಂಗೈಗೆ ಮೆತ್ತಿದ್ದ ಮಣ್ಣನ್ನು ಸೆರಗಿನಿಂದ ಒರೆಸಿದರು.

"ಎಡಕ್ಕೆ ಹೋಗ್ಬಾರ್ದು ಅಂತ ನಿಮಗೆ ಹೇಗೆ ಗೊತ್ತಾಯ್ತು ಅತ್ತೇ?"

ಅತ್ತೆ ಕೋಲಿನ ತುದಿಯಿಂದ ಚಪ್ಪಡಿ ತಟ್ಟಿದರು. ಬಾಣದ ಬಾಲದಿಂದ ಹೊರಟ ಒಂದು ಹಳದಿ ಗೆರೆ ನೇರ ಆಕಾಶದ ಕಡೆಗೆ ಏರಿತ್ತು.

"ಹತ್ತು ವರ್ಷದಿಂದ ಬಡ್ಕೋತಿದೀನಿ, ತಿನ್ನರ್ ಜಾಸ್ತಿ ಹಾಕ್ಬೇಡ, ಬಣ್ಣ ಸೋರತ್ತೆ ಅಂತ. ಎಲ್ಲಾದ್ರೂ ಬಣ್ಣ ಮೇಲಕ್ಕೆ ಸೋರತ್ತೇನೇ?"

ಪೋಸ್ಟಮ್ಮ ಕಿಸಕ್ಕೆಂದರು. ಬೋರ್ಡಮ್ಮನಿಗೆ ನಗು ಬರಲಿಲ್ಲ. ಮಂಜು ಹರಿಯತೊಡಗಿತ್ತು. ಮೊದಲು ದೂರದ ಬೆಟ್ಟಸಾಲು, ಆಮೇಲೆ ಕೆರೆ, ಕೆರೆದಂಡೆಯ ಮನೆಗಳು, ಕೊನೆಗೆ ಎಡಗಡೆ ಕ್ವಾರಿಯ ಅಂಚು. ಒದ್ದೆ ಮಣ್ಣಿನಲ್ಲಿ ಅವಳ ಅಂಗೈ ಗುರುತು ಆ ಅಂಚಿನವರೆಗೂ ಹೋಗಿತ್ತು.

ಅವಳು ಚಪ್ಪಡಿಯ ಮೇಲಿನ ಬಾಣವನ್ನು ಚೂಪುಗಲ್ಲಿನಿಂದ ಕೆರೆದು ಹಾಕಿದಳು. ಡಬ್ಬಿ ತೆಗೆದು ಗುಳಿಬಿದ್ದ ಬಂಡೆಯ ಮುಂದೆ ಕೂತಳು. ಕುಂಚ ಗುಳಿಗುಳಿಗೂ ಎಡವಿತು. ಬಾಣ ಸೊಟ್ಟಗೆ ಬಂತು, ಆದರೆ ಬಲಕ್ಕೆ ಬಂತು.

ಅತ್ತೆ ಬೆನ್ನ ಹಿಂದೆ ನಿಂತು ನೋಡಿದರು, ಬೈಯಲಿಲ್ಲ. ಕೊನೆಗೆ ಮೆಲ್ಲಗೆ ಅಂದರು:

"ತಿನ್ನರ್ ಇನ್ನೊಂಚೂರು ಹಾಕೇ. ಒಂದು ಹನಿ ಸೋರ್ಲಿ."