ಕೊಳವೆಯಿಲ್ಲದ ತುಂಡು

ಇಂಗಾಲದ ನ್ಯಾನೋ ಕೊಳವೆ ಎಂಬ ಕಪ್ಪು ಪುಡಿ ಬೆರೆಸಿದರೆ ಪ್ಲಾಸ್ಟಿಕ್ಕಿನ ರಾಳ ನೂರಕ್ಕೆ ನಲವತ್ತರಷ್ಟು ಹೆಚ್ಚು ಗಟ್ಟಿಯಾಗುತ್ತದೆ ಎಂದು ನಮ್ಮ ಪ್ರೊಫೆಸರು ಊರೆಲ್ಲ ಡಂಗುರ ಸಾರಿದ್ದರು.

ಲ್ಯಾಬಿನಲ್ಲಿ ಆ ಕೊಳವೆಗಳಿಗೆ ಹೊಸ ಅಳಿಯನ ಉಪಚಾರ. ರಾಳದ ಜೊತೆ ಹೊಂದಿಕೊಳ್ಳಲಿ ಎಂದು ಮೊದಲು ಆಸಿಡ್ಡಿನಲ್ಲಿ ಸ್ನಾನ, ಗಂಟು ಕಟ್ಟದಿರಲಿ ಎಂದು ಯಂತ್ರದಲ್ಲಿ ಕುಲುಕಾಟ, ಬೆರೆಸಿದ ಮೇಲೆ ಗುಳ್ಳೆ ಹೀರಲು ಪಂಪು, ಕೊನೆಗೆ ಓವನ್ನಿನ ಹದವಾದ ಶಾಖ. ಹೋಲಿಕೆಗೆಂದು ಏನೂ ಬೆರೆಸದೆ ಮಾಡುವ ಸಾದಾ ತುಂಡು ಮಾತ್ರ ಮಲಮಗ. ಅದನ್ನು ಪ್ರೊಫೆಸರೇ ಕಡ್ಡಿಯಲ್ಲಿ ಕಲಕಿ, ಅಚ್ಚಿಗೆ ಸುರಿದು, ಕಿಟಕಿಯ ಬಳಿ ಇಟ್ಟು ಮರೆಯುತ್ತಿದ್ದರು. ಮೈತುಂಬ ಗುಳ್ಳೆಯಿದ್ದ ಅದು, ಎಳೆದು ಗಟ್ಟಿತನ ಅಳೆಯುವ ಯಂತ್ರಕ್ಕೆ ಸಿಕ್ಕಿಸಿದೊಡನೆ ಪಟ್ಟೆಂದು ಮುರಿಯುತ್ತಿತ್ತು. ಎದುರಾಳಿಯ ಕಾಲು ಕಟ್ಟಿ ಓಟ ಗೆದ್ದ ಹಾಗೆ.

ಮೊನ್ನೆ ಅವರು ತಂಗಿ ಮಗಳ ಮದುವೆಗೆ ಹೋದರು. ಎರಡೂ ತುಂಡು ಮಾಡುವ ಕೆಲಸ ಅವರ ವಿದ್ಯಾರ್ಥಿನಿಯಾದ ನನ್ನ ಪಾಲಿಗೆ ಬಂತು. ನಾನು ಭೇದ ಮಾಡಲಿಲ್ಲ. ಸಾದಾ ರಾಳದ ಗುಳ್ಳೆಯನ್ನೂ ಹೀರಿಸಿದೆ, ಅದನ್ನೂ ಓವನ್ನಿಗಿಟ್ಟೆ. ಯಂತ್ರ ಎಳೆದಾಗ ಅಳಿಯನೇ ಮೊದಲು ಮುರಿದ.

ಪ್ರೊಫೆಸರು ಬಂದವರೇ ಗ್ರಾಫ್ ನೋಡಿ ಕೆಂಡವಾದರು. "ಸಾದಾ ತುಂಡಿಗೆ ಕೊಳವೆ ಬೆರೆಸಿದ್ದು ಯಾರಮ್ಮ?"

"ಯಾರೂ ಬೆರೆಸಿಲ್ಲ ಸರ್. ಚಿಟಿಕೆ ಬಿದ್ದಿದ್ರೂ ಇದ್ದಿಲಿನ ಥರ ಕಪ್ಪಾಗ್ತಿತ್ತು. ನೋಡಿ, ಗಾಜಿನ ಹಾಗಿದೆ," ಎಂದು ತುಂಡನ್ನು ಅವರ ಕಣ್ಣೆದುರು ಹಿಡಿದೆ.

ಅವರು ಅದರ ಮೂಲಕ ನನ್ನ ಮುಖವನ್ನೇ ನೆಟ್ಟಗೆ ನೋಡುತ್ತ ಹೇಳಿದರು: "ಕಣ್ಣಿಗೆ ಕಾಣಲ್ಲ ಕಣಮ್ಮ. ಅದಕ್ಕೇ ಅಲ್ವಾ ನ್ಯಾನೋ ಅನ್ನೋದು?"