ಎರಡನೇ ಹನಿ

ನೆಲದಾಗಿನ ಹಗೇವಿನ ಜ್ವಾಳ ಇನ್ನೂ ಮುಗೀದ ಕಾಲಕ್ಕ, ದೇವರು ಮಂದಿ ಮನಿ ಕಟ್ಟಿ ಮ್ಯಾಲೆ ಕುಂತು ಎಲಿ ಅಡಿಕಿ ಹಾಕ್ಕೊಂತಿದ್ದ ಕಾಲಕ್ಕ, ಒಂದೂರಾಗ ಒಬ್ಬಾಕಿ ಇದ್ದಳಂತ. ಆಕಿ ಗಂಡ ಸಾಯೋಮುಂದ ಬಾಯಿ ಕಟ್ಟಿದ ಒಂದು ಗಡಿಗಿ ಆಕಿ ಕೈಯಾಗ ಕೊಟ್ಟು ಹೋದನಂತ. ಒಳಗ ಹಾವು ಇದ್ರೂ ಇರಬಹುದು, ಬರೇ ಗಾಳಿ ಇದ್ರೂ ಇರಬಹುದು. ಬಿಚ್ಚಿ ನೋಡಾಕ ಅಂಜಿಕಿ, ಒಗದು ಬರಾಕೂ ಅಂಜಿಕಿ. ಗಡಿಗಿ ಬಗಲಾಗ ಇಟ್ಕೊಂಡ ಮಲಗ್ತಿದ್ಲು, ಬಗಲಾಗ ಇಟ್ಕೊಂಡ ಏಳ್ತಿದ್ಲು. ಕಡೀಕ ಒಂದು ಹುಡುಗಿಗೆ ಅಂದಳಂತ, ‘ಗಂಟು ಬಿಚ್ಚೋ ವಿದ್ಯಾ ನೀ ಕಲತು ಬಾ. ಬಿಚ್ಚಿದ್ರ ನಿನ್ನ ಕೈಲೇ ಬಿಚ್ಚಸ್ತೀನಿ.’ ಹುಡುಗಿ ಹೂಂ ಅಂದಳಂತ.

ಇದು ನನ್ನಜ್ಜಿ ಪಕೀರಮ್ಮ ಹೇಳಿದ ಕಥೆಯಲ್ಲ. ಅವಳ ಕಥೆಗಳನ್ನು ಕೇಳಿ ಕೇಳಿ ಬೆಳೆದ ನಾನೇ ಕಟ್ಟಿದ್ದು, ಕೊಪ್ಪಳದಿಂದ ಕುಷ್ಟಗಿಗೆ ಬರುವ ಬಸ್ಸಿನಲ್ಲಿ, ಪಕ್ಕದಲ್ಲಿ ಕೂತಿದ್ದ ಗೆಳತಿ ಲಲಿತಾಳಿಗಾಗಿ. ಆ ಹುಡುಗಿ ನಾನು, ರೇಣುಕಾದೇವಿ. ಗಡಿಗೆಯವಳು ಹನುಮಸಾಗರದ ಪಾರಮ್ಮ.

ಎರಡು ಸಾವಿರದ ಹದಿನೆಂಟರ ಮಾತು. ನಾನೂ ಲಲಿತಾಳೂ ಕುಷ್ಟಗಿಯ ಒಂದು ಸಣ್ಣ ಸಂಸ್ಥೆಯಲ್ಲಿ ಎಚ್‌ಐವಿ ಬಗ್ಗೆ ತಿಳಿಹೇಳುವ ಆಪ್ತಸಮಾಲೋಚಕಿಯರು. ಊರೂರು ತಿರುಗಿ ಮಾತಾಡುವುದಷ್ಟೇ ನಮ್ಮ ಕೆಲಸವಾಗಿತ್ತು. ರಕ್ತ ತೆಗೆಯಬೇಕೆಂದರೆ ಜನ ದವಾಖಾನೆಗೇ ಹೋಗಬೇಕಿತ್ತು, ಹೋಗುತ್ತೇನೆ ಅಂದವರಲ್ಲಿ ಅರ್ಧ ಮಂದಿ ಬಸ್ ಸ್ಟ್ಯಾಂಡಿನಿಂದಲೇ ತಿರುಗಿ ಬರುತ್ತಿದ್ದರು.

ಪಾರಮ್ಮ ಜಂಪರ ಹೊಲಿಯುವವಳು. ಒಮ್ಮೆ ನನ್ನ ಹಳದಿ ಜಂಪರ ಹೊಲಿಯುವಾಗ ಸೂಜಿ ಬೆರಳಿಗೆ ಹೊಕ್ಕಿತು. ಬಟ್ಟೆಯ ಮೇಲೆ ಸಾಸಿವೆಯಷ್ಟು ರಕ್ತ. ನಾನು ‘ತೊಳದ್ರ ಹೋಗತೈತಿ ಬಿಡ್ರಿ’ ಅನ್ನುವುದರೊಳಗೆ ಅವಳು ಬಟ್ಟೆಯನ್ನು ಮುದ್ದೆ ಮಾಡಿ ಒಲೆಗೆ ಹಾಕಿಬಿಟ್ಟಿದ್ದಳು. ಆಮೇಲೆ ಒಲೆಯ ಮುಂದೆ ಕೂತು ಹೇಳಿದಳು. ಗಂಡ ಪಂಪಣ್ಣ ಬೋರ್‌ವೆಲ್ ಲಾರಿ ಓಡಿಸುತ್ತಿದ್ದ. ತಿಂಗಳುಗಟ್ಟಲೆ ಹೊರಗೇ. ಕಡೆಯ ಎರಡು ವರ್ಷ ಹೆಸರಿನ ಚೀಟಿ ಕೆರೆದುಹಾಕಿದ ಡಬ್ಬಿಯಿಂದ ಗುಳಿಗೆ ನುಂಗುತ್ತಿದ್ದ, ಕೇಳಿದರೆ ‘ಶಕ್ತಿ ಗುಳಿಗಿ’ ಅನ್ನುತ್ತಿದ್ದ. ಅವನು ಸತ್ತ ಮೇಲೆ ಅವನ ಪೆಟ್ಟಿಗೆಯಲ್ಲಿ ಕೆರೆಯುವುದಕ್ಕೆ ಮರೆತ ಒಂದು ಡಬ್ಬಿ ಸಿಕ್ಕಿತು. ಯಾವ ರೋಗಕ್ಕೆಂದು ಔಷಧಿ ಅಂಗಡಿಯವನು ಕಣ್ಣು ತಗ್ಗಿಸಿ ಹೇಳಿದ.

‘ಅಂವ ನನಗ ಹೇಳಿದ್ರ ನಾ ಏನ್ ಓಡಿ ಹೋಗ್ತಿದ್ನೇನು’ ಅಂದಳು. ‘ನನಗ ಐತೋ ಇಲ್ಲೋ ಇವತ್ತಿಗೂ ತಿಳೀದು. ಬೆರಳ ಚುಚ್ಚಿದಾಗೊಮ್ಮಿ ಮಂದಿ ಅರಿವಿ ಸುಟ್ಟು, ಇಲಿ ಕಡದಾವ ಅಂತ ಸುಳ್ಳು ಹೇಳಿ, ಬ್ಯಾರೆ ಅರಿವಿ ತಂದು ಹೊಲಕೊಡ್ತೀನಿ.’

ಹೊಲಿಗೆಯಿಂದ, ಬಟ್ಟೆ ಮುಟ್ಟುವುದರಿಂದ ಆ ರೋಗ ಹರಡುವುದಿಲ್ಲ ಎಂದು ಅವಳಿಗೆ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ತಲೆಯಾಡಿಸುತ್ತಿದ್ದಳು, ಮತ್ತೆ ಬಟ್ಟೆ ಸುಡುತ್ತಿದ್ದಳು. ದವಾಖಾನೆಗೆ ಮಾತ್ರ ಒಲ್ಲೆ. ‘ಆ ಕೋಣಿ ಮುಂದ ಕುಂತೆ ಅಂದ್ರ ನಾ ಊರು ಮುಟ್ಟೋದ್ರೊಳಗ ಸುದ್ದಿ ಮುಟ್ಟಿರತೈತಿ.’

ಆಗಲೇ ನಮ್ಮಂಥವರಿಗೂ ಬೆರಳು ಚುಚ್ಚಿ ಪರೀಕ್ಷೆ ಮಾಡುವುದನ್ನು ಕಲಿಸುತ್ತಾರೆ ಎಂಬ ಸುದ್ದಿ ಬಂತು. ಮನೆಯಲ್ಲೇ ಕೂತು ಒಂದು ಹನಿ, ಹದಿನೈದು ನಿಮಿಷ, ಪರೀಕ್ಷೆಯ ಪಟ್ಟಿಯ ಮೇಲೆ ಗೆರೆ. ಓಡಿ ಹೋಗಿ ಪಾರಮ್ಮನಿಗೆ ಹೇಳಿದೆ. ಅವಳು ನನ್ನ ಕೈ ಮೇಲೆ ಕೈ ಇಟ್ಟಳು. ‘ಕಲತು ಬಾ. ನೀನಾ ಚುಚ್ಚು, ನೀನಾ ನೋಡು, ನನಗೊಬ್ಬಾಕಿಗೇ ಹೇಳು.’

ಶ್ರಾವಣ ಮುಗಿಯುವುದರೊಳಗೆ ಮಾಡುತ್ತೇನೆ ಎಂದು ಮಾತು ಕೊಟ್ಟೆ.

ತರಬೇತಿ ಕೊಪ್ಪಳದಲ್ಲಿ, ಐದು ದಿನ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲೂಕುಗಳಿಂದ ಇಪ್ಪತ್ತು ಮಂದಿ. ಕಲಿಸುವವರು ಗೋವಿಂದರಾಜ ಸರ್, ಇಪ್ಪತ್ತು ವರ್ಷ ಲ್ಯಾಬಿನಲ್ಲೇ ಕಳೆದವರು. ಬಂದವರೇ ನಮ್ಮನ್ನೆಲ್ಲ ಒಮ್ಮೆ ನೋಡಿ, ‘ಬಾಯಿ ಕೆಲಸದವ್ರಿಗೆ ಕೈ ಕೆಲಸ ಕೊಟ್ಟಾರ. ಹೋಗ್ಲಿ, ಬಾಯಿ ಮುಚ್ಚಿ ಕೈ ಚಾಚ್ರಿ’ ಅಂದರು.

ಮೊದಲ ದಿನ ರಕ್ತದ ಬದಲು ಕುಂಕುಮದ ನೀರು, ಎರಡನೆಯ ದಿನ ಒಬ್ಬರ ಬೆರಳನ್ನು ಇನ್ನೊಬ್ಬರು ಚುಚ್ಚುವುದು. ಬೆರಳಿನ ತುದಿಗಲ್ಲ, ಬದಿಗೆ ಚುಚ್ಚಬೇಕು. ಸ್ಪಿರಿಟ್ ಆರುವ ತನಕ ಕಾಯಬೇಕು. ಮೊದಲನೆಯ ಹನಿಯನ್ನು ಹತ್ತಿಯಿಂದ ಒರೆಸಿಬಿಡಬೇಕು. ‘ಅದ್ರಾಗ ಸ್ಪಿರಿಟ್ಟೂ ಬೆವರೂ ಕೂಡಿರತಾವ. ನಂಬಬ್ಯಾಡ್ರಿ. ಎರಡನೇ ಹನಿ ಹಿಡೀರಿ.’ ಪಟ್ಟಿಯ ಮೇಲೆ ಒಂದು ಗೆರೆ ಬಂದರೆ ಪಟ್ಟಿ ಕೆಲಸ ಮಾಡುತ್ತಿದೆ, ಸೋಂಕು ಕಂಡಿಲ್ಲ. ಎರಡು ಬಂದರೆ ದೊಡ್ಡ ದವಾಖಾನೆಗೆ ಕಳಿಸಿ ಮತ್ತೆ ಪರೀಕ್ಷೆ ಮಾಡಿಸಬೇಕು. ಗೆರೆಯೇ ಬರದಿದ್ದರೆ ಪಟ್ಟಿ ಕೆಟ್ಟಿದೆ, ಬೇರೆ ತಗೋ.

ಹನುಮಸಾಗರದಿಂದಲೇ ಶಾಂತಕುಮಾರ ಎನ್ನುವ ಕಾರ್ಯಕರ್ತ ಬಂದಿದ್ದ, ದೊಡ್ಡ ಮೀಸೆ. ನಾನು ಸೂಜಿ ಹಿಡಿದದ್ದೇ ಅವನು ಮುಖ ಗೋಡೆಗೆ ತಿರುಗಿಸಿ ಕಣ್ಣು ಮುಚ್ಚಿದ.

‘ಚುಚ್ಚಿದ್ರೇನ್ರಿ ಅಕ್ಕಾರ?’

‘ಇನ್ನೂ ಬೆರಳ ಒರಸಾಕ ಹತ್ತೇನ್ರೀ.’

‘ಮೀಸಿ ತೆಗದು ಈಕಡೆ ಕೊಡಪಾ’ ಅಂದರು ಗೋವಿಂದರಾಜ ಸರ್. ‘ಯಾರಿಗರ ಉಪಯೋಗ ಆಗತೈತಿ.’

ಆ ದಿನ ಸಂಜೆಯ ಬಸ್ಸಿನಲ್ಲೇ ನಾನು ಗಡಿಗೆಯ ಕಥೆ ಹೇಳಿದ್ದು. ಕೈಗೆ ವಿದ್ಯೆ ಬಂದ ಸಂತೋಷ, ಹೊಟ್ಟೆಯಲ್ಲಿ ನಿಲ್ಲಲಿಲ್ಲ. ಲಲಿತಾ ಎರಡು ವರ್ಷದಿಂದ ನನ್ನ ಬುತ್ತಿಯಲ್ಲಿ ಕೈಹಾಕಿ ಉಂಡವಳು. ಹೂಂಗುಟ್ಟುವುದರಲ್ಲಿ ಅವಳನ್ನು ಮೀರಿಸುವವರಿಲ್ಲ. ಎಲ್ಲಿ ಮೆಲ್ಲಗೆ ಅನ್ನಬೇಕೋ ಅಲ್ಲಿ ಮೆಲ್ಲಗೆ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು. ನಮ್ಮಜ್ಜಿ ಹೂಂ ಅನ್ನದವರಿಗೆ ಕಥೆಯನ್ನೇ ಹೇಳುತ್ತಿರಲಿಲ್ಲ. ಹೂಂ ಅಂದವರಿಗೆ ಕಥೆಯಲ್ಲಿ ಪಾಲುಂಟು, ಅವರು ಅದನ್ನು ಎಲ್ಲಿಗೆ ಬೇಕಾದರೂ ಒಯ್ಯಬಹುದು ಎನ್ನುವುದು ಅವಳ ಕಾಯ್ದೆ. ಇದನ್ನೂ ಲಲಿತಾಳಿಗೆ ನಾನೇ ಹೇಳಿದ್ದೆ.

‘ಗಡಿಗಿ ಅಂದ್ರೇನು? ಖರೇ ಹೇಳು’ ಅಂದಳು. ‘ನನಗೂ ಹೇಳಾಂಗಿಲ್ಲೇನ?’

ಹೇಳಿದೆ. ಸೂಜಿ, ಒಲೆಗೆ ಹಾಕಿದ ಬಟ್ಟೆ, ಬೋರ್‌ವೆಲ್ ಲಾರಿ, ಶಕ್ತಿ ಗುಳಿಗೆ, ಇಲಿಯ ಸುಳ್ಳು, ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಕಣ್ಣು ತುಂಬಿ ಬಂತು, ಅಷ್ಟು ಚೆನ್ನಾಗಿ ಹೇಳಿದೆ. ಊರು ಹೇಳಲಿಲ್ಲ, ಹೆಸರು ಹೇಳಲಿಲ್ಲ. ಹೆಸರೊಂದನ್ನು ಬಿಟ್ಟರೆ ಉಳಿದದ್ದು ಕಥೆ ಎಂದುಕೊಂಡಿದ್ದೆ.

ಮೂರನೆಯ ದಿನ ಅಭಿನಯ. ಒಬ್ಬರು ಪರೀಕ್ಷೆಗೆ ಬಂದವರಂತೆ, ಇನ್ನೊಬ್ಬರು ಸಮಾಲೋಚಕರಂತೆ. ಚಲೋ ಮಾಡಿದವರನ್ನು ತಾಲೂಕಿಗೆ ಒಬ್ಬರಂತೆ ತರಬೇತಿದಾರರನ್ನಾಗಿ ಆರಿಸುತ್ತಾರೆ ಎಂದು ಗೊತ್ತಿತ್ತು. ಲಲಿತಾಳ ಅಭಿನಯ ಮೊದಲ ಸಲ ಕಳೆಗಟ್ಟಲಿಲ್ಲ. ‘ಪುಸ್ತಕ ಓದಿದಂಗ ಆತವಾ’ ಅಂದರು ಸರ್. ‘ಜೀವಂತ ಇರೂದು ಏನರ ತಗೊಂಡ ಬಾ.’

ನಾಲ್ಕನೆಯ ದಿನ ಬೆಳಿಗ್ಗೆಯ ಪಾಠ, ಕೇಳಿದ್ದನ್ನು ಕಾಪಾಡುವುದು ಹೇಗೆ ಎಂದು. ಮಧ್ಯಾಹ್ನ ಲಲಿತಾ ಎದ್ದು ಮುಂದೆ ಹೋದಳು. ಕುರ್ಚಿಯಲ್ಲಿ ಕೂತು, ಇಲ್ಲದ ಹೊಲಿಗೆ ಯಂತ್ರ ತುಳಿದು, ಇಲ್ಲದ ಸೂಜಿಯಿಂದ ಬೆರಳು ಚುಚ್ಚಿಕೊಂಡು, ಇಲ್ಲದ ಬಟ್ಟೆಯನ್ನು ಇಲ್ಲದ ಒಲೆಗೆ ಎಸೆದಳು. ‘ನನ್ನ ಗಂಡ ಬೋರ್‌ವೆಲ್ ಲಾರಿ ಹೊಡೀತಿದ್ದ್ರಿ. ಶಕ್ತಿ ಗುಳಿಗಿ ಅಂತಿದ್ದ್ರಿ. ನಾ ಇಲಿ ಕಡದಾವ ಅಂತ ಮಂದೀಗೆ ಸುಳ್ಳು ಹೇಳ್ತೀನ್ರಿ.’ ನನ್ನ ಮಾತಿನ ಏರಿಳಿತವನ್ನೂ ಬಿಟ್ಟಿರಲಿಲ್ಲ.

ಮಂದಿ ಚಪ್ಪಾಳೆ ತಟ್ಟಿದರು. ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ನನ್ನ ಕೈಯಲ್ಲಿದ್ದ ಹತ್ತಿ ಬೆವರಿನಲ್ಲಿ ತೊಯ್ದು ಗುಂಡಾಗಿತ್ತು.

ಚಹಾದ ಹೊತ್ತಿಗೆ ಶಾಂತಕುಮಾರ ಬಸಿಯಲ್ಲಿ ಚಹಾ ಊದುತ್ತ ಅಂದ, ‘ನಮ್ಮೂರಾಗೂ ಒಬ್ಬಾಕಿ ಅದಾಳ್ರಿ. ನಮ್ಮ ಕಸ್ತೂರೆಮ್ಮನ ಜಂಪರ ಇಲಿ ಕಡದಾವ ಅಂತ ಹೊಸಾ ಅರಿವಿ ತಂದು ಹೊಲಕೊಟ್ಲು. ನಮ್ಮಾಕಿ ಭಾಳ ಹೊಗಳಿದ್ಲು.’ ಬಸಿ ಬಾಯಿಯ ಹತ್ತಿರವೇ ನಿಂತಿತು. ಅವನ ಕಣ್ಣಿನಲ್ಲಿ ಒಂದೊಂದೇ ತುಂಡು ಜೋಡಿಕೊಳ್ಳುವುದನ್ನು ನಾನು ನಿಂತು ನೋಡಿದೆ. ಅವನ ಹೆಂಡತಿಯ ಹೆಸರು ಕಸ್ತೂರೆಮ್ಮ. ಅವರ ಮನೆ ಪಾರಮ್ಮನ ಮನೆಯ ಎದುರಿಗೆ.

‘ಯಾರ ಮುಂದೂ ಅನ್ನಬ್ಯಾಡ್ರಿ’ ಅಂದೆ.

‘ಏ, ನಾ ಯಾಕ ಅನ್ಲಿ ಬಿಡ್ರೀ’ ಅಂದ.

ಆ ಸಂಜೆಯ ಬಸ್ಸಿನಲ್ಲಿ ಲಲಿತಾ ನನ್ನ ಪಕ್ಕವೇ ಬಂದು ಕೂತಳು. ತಾಲೂಕಿನ ತರಬೇತಿದಾರಳೆಂದು ಅವಳ ಹೆಸರು ಬಂದಿತ್ತು.

‘ಸಿಟ್ಟಾಗಿದಿಯೇನ?’ ಅಂದಳು.

‘ನಿನ್ನ ನಂಬಿ ಹೇಳಿದ್ನಿ.’

‘ನೀ ಕಥಿ ಹೇಳಿದಿ, ನಾ ಹೂಂ ಅಂದೆ. ನಿಮ್ಮಜ್ಜಿ ಕಾಯ್ದೆ ನೀನಾ ಹೇಳಿದ್ದಿಲ್ಲೇನ? ನಾ ಏನ್ ಹೆಸರು ಹೇಳಿನೇನು?’

‘ಅದು ಕಥಿ ಅಲ್ಲ ಲಲಿತಾ.’

‘ಗಡಿಗಿ ಇರೋತನಕ ಕಥೀನ ಇತ್ತು. ಗಡಿಗಿ ಒಡದಾಕಿ ನೀನು’ ಅಂದು ಕಿಟಕಿಯ ಕಡೆ ತಿರುಗಿದಳು. ಆಮೇಲೆ, ‘ನನಗ ಈ ಕೆಲಸ ಬೇಕಾಗಿತ್ತು’ ಅಂದಳು, ನನಗಲ್ಲ, ಕಿಟಕಿಗೆ.

ತರಬೇತಿ ಮುಗಿದು ಎಂಟು ದಿನಕ್ಕೆ ಪರೀಕ್ಷೆಯ ಚೀಲ ಕೈಗೆ ಬಂತು. ಶನಿವಾರ ಮುಂಜಾನೆ ಹನುಮಸಾಗರಕ್ಕೆ ಹೋದೆ. ಪಾರಮ್ಮನ ಪಡಸಾಲೆಯಲ್ಲಿ ಗೋಡೆಯಿಂದ ಗೋಡೆಗೆ ಒಂದು ಹಗ್ಗ, ಯಾವಾಗಲೂ ಬಣ್ಣಬಣ್ಣದ ಜಂಪರ ತೂಗುತ್ತಿದ್ದ ಹಗ್ಗ. ಖಾಲಿ ಇತ್ತು. ಅವಳು ಯಂತ್ರದ ಮುಂದೆ ಸುಮ್ಮನೆ ಕೂತಿದ್ದಳು.

‘ಬಂದ್ಯಾ’ ಅಂದಳು. ‘ಒಬ್ಬೊಬ್ರಾ ಬಂದು ಒಯ್ದ್ರು. ಕಸ್ತೂರೆಮ್ಮ ಅಳತಿ ಜಂಪರ ಸುದ್ದಾ ಬಿಡ್ಲಿಲ್ಲ. ಎರಡು ಬೆರಳಾಗ ಹಿಡಕೊಂಡು ಹೋದ್ಲು, ಸತ್ತ ಇಲಿ ಹಿಡದಂಗ.’

‘ನಾನಲ್ರಿ. ಲಲಿತಾ ಅಂತ, ಆಕಿ...’

‘ಲಲಿತಾ ಯಾರಬೇ? ನಾ ಕೈ ಮ್ಯಾಲೆ ಕೈ ಇಟ್ಟಿದ್ದು ಲಲಿತಾಗೇನು?’

ಚೀಲವನ್ನು ಕೆಳಗಿಟ್ಟೆ. ಅವಳು ಮುಂದುವರಿಸಿದಳು, ದನಿ ಏರಿಸದೆ.

‘ಗಂಡ ಮೋಸ ಮಾಡಿದ. ಅಂವ ಸತ್ತಾನ, ಜಗಳಾಡೂದಕ್ಕೂ ಬರಾಂಗಿಲ್ಲ. ನೀ ಜೀವಂತ ಅದಿ. ನಿನ್ನ ಕೂಡ ಏನ್ ಮಾಡ್ಲಿ ಹೇಳು?’

‘ಹೌದ್ರಿ, ನಾನಾ ಹೇಳಿದೆ’ ಅಂದೆ. ‘ಹೆಸರು ಬಿಟ್ಟು ಎಲ್ಲಾ ಹೇಳಿದೆ.’

‘ಹೆಸರಿನ್ಯಾಗ ಏನಿತ್ತು’ ಅಂದಳು. ‘ಇನ್ನ ನಡಿ.’

ಚೀಲ ಎತ್ತಿಕೊಂಡು ಹೊರಟೆ. ಎದುರಿನ ಕಟ್ಟೆಯ ಮೇಲೆ ಕಸ್ತೂರೆಮ್ಮ ಅಕ್ಕಿ ಹಸನು ಮಾಡುತ್ತಿದ್ದಳು, ನನ್ನ ಚೀಲವನ್ನು ನೋಡಿದಳು. ನಾನು ಬಸ್ ಸ್ಟ್ಯಾಂಡ್ ಮುಟ್ಟುವ ತನಕ ಬೆನ್ನ ಮೇಲೆ ಆ ನೋಟ ಇತ್ತು.

ನಡೆದದ್ದನ್ನೆಲ್ಲ ಸಂಸ್ಥೆಗೆ ಬರೆದು ಕೊಟ್ಟೆ, ನನ್ನ ತಪ್ಪನ್ನು ಮೊದಲು. ಶಾಂತಕುಮಾರನನ್ನು ಕರೆಸಿ ಬೈದರು, ಲಲಿತಾಳಿಗೆ ಒಂದು ನೋಟಿಸು, ನನಗೊಂದು. ಬೈದರೆ ಹಗ್ಗದ ಮೇಲೆ ಜಂಪರ ಬರುವುದಿಲ್ಲ. ಲಲಿತಾ ಬುತ್ತಿ ಬಿಚ್ಚುವ ಹೊತ್ತಿಗೆ ಬೇರೆ ಕೋಣೆಗೆ ಹೋಗತೊಡಗಿದಳು. ಅವಳ ಹೂಂ ಇಲ್ಲದೆ ನನಗೆ ಉಣ್ಣುವುದು ಎಷ್ಟು ಕಷ್ಟವಾಯಿತೆಂದರೆ, ಅದಕ್ಕೂ ನನಗೆ ಅವಳ ಮೇಲೇ ಸಿಟ್ಟು ಬಂತು.

ಶ್ರಾವಣ ಮುಗಿಯಲು ಎರಡು ದಿನ ಇರುವಾಗ ಪಾರಮ್ಮನ ಫೋನು. ‘ಚೀಲ ತಗೊಂಡ ಬಾ’ ಅಂದು ಇಟ್ಟುಬಿಟ್ಟಳು.

ಹೋದಾಗ ಪಡಸಾಲೆ ಸಾರಿಸಿ ಚಾಪೆ ಹಾಸಿತ್ತು.

‘ನಿನ್ನ ಮ್ಯಾಲೆ ನಂಬಿಕಿ ಬಂದೈತಿ ಅಂತ ಕರದಿಲ್ಲ’ ಅಂದಳು. ‘ಊರಿಗೆಲ್ಲ ಗೊತ್ತಾಗೈತಿ. ಬಾವಿ ಕಟ್ಟಿಗೆ ಗೊತ್ತು, ಹಿಟ್ಟಿನ ಗಿರಣಿಗೆ ಗೊತ್ತು. ನನಗೊಬ್ಬಾಕಿಗೆ ಗೊತ್ತಿಲ್ಲ. ಇದೆಂಥಾ ಅನ್ಯಾಯ ನೋಡು. ಅಂವಾ ಹಂಗ ಮಾಡಿದ, ಈಗ ಊರೂ ಹಂಗ ಮಾಡೈತಿ. ನೀ ಮಾತು ಕೊಟ್ಟಿದ್ದಿ, ಮುಗಿಸಿ ಹೋಗು.’

ಎದುರಿನ ಕಟ್ಟೆಗೆ ಕಸ್ತೂರೆಮ್ಮ ಮೊರ ಹಿಡಿದು ಬಂದಿದ್ದಳು. ಪಾರಮ್ಮ ಹೊಸ್ತಿಲಿಗೆ ಹೋಗಿ ಕರೆದಳು. ‘ಬಾರವ್ವ ಕಸ್ತೂರಿ, ಒಳಗ ಬಾ. ದೂರದಿಂದ ನೋಡಿದ್ರ ಅರ್ಧಾ ಕಾಣತೈತಿ. ಆಮ್ಯಾಲೆ ಉಳದರ್ಧ ನೀನಾ ಹೊಲೀಬೇಕಾಗತೈತಿ.’

ಕಸ್ತೂರೆಮ್ಮ ಅಕ್ಕಿ ಚೆಲ್ಲದಂತೆ ಮೊರ ಎತ್ತಿಕೊಂಡು ಒಳಗೆ ಹೋದಳು. ಪಾರಮ್ಮ ಬಾಗಿಲು ಹಾಕಿ ಅಗಳಿ ಏರಿಸಿದಳು.

‘ಇನ್ನೊಂದು ಕೇಳು’ ಅಂದಳು ಕೂಡುತ್ತ. ‘ನೀ ಸುಮ್ಮಿರಾಕಿ ಅಲ್ಲ, ಇದನ್ನೂ ಎಲ್ಲೆರ ಹೇಳೇ ಹೇಳ್ತಿ. ಹೇಳೂದಾದ್ರ ಗಡಿಗಿ ಪಡಿಗಿ ಬ್ಯಾಡ, ನೀವೆಲ್ಲಾ ಏನ್ ಮಾಡಿದ್ರಿ ಅದನ್ನ ಇದ್ದದ್ದು ಇದ್ದಂಗ ಹೇಳು. ನನ್ನ ಹೆಸರೂ ಇರ್ಲಿ. ಆದ್ರ ಗೆರಿ ಎಷ್ಟು ಬಂದ್ವು ಅನ್ನೂದು ಮಾತ್ರ ನನ್ನದು.’

‘ಹೌದ್ರಿ, ಅದು ನಿಮ್ಮದು’ ಅಂದೆ.

‘ಹೊಲಿಯೋ ಕೈ ಬಿಡು’ ಎಂದು ಎಡಗೈ ಚಾಚಿದಳು. ಬೆರಳ ತುದಿಗಳಲ್ಲಿ ಹಳೆಯ ಸೂಜಿಯ ಗುರುತುಗಳು, ಗಟ್ಟಿಯಾದ ಚರ್ಮ. ಉಂಗುರದ ಬೆರಳು ಹಿಡಿದು ಬದಿಗೆ ಒರೆಸಿದೆ. ಆರುವ ತನಕ ಕಾದೆ. ಚುಚ್ಚಿದೆ.

‘ಇಷ್ಟ ಏನು?’ ಅಂದಳು. ‘ಇದಕ್ಕ ಐದು ದಿನ ಬೇಕಾತೇನು ನಿಮಗ? ನಾ ದಿನಾ ಚುಚ್ಕೊಂತೀನಿ.’

ನಗು ಬಂದರೂ ನಗಲಿಲ್ಲ. ಮೊದಲನೆಯ ಹನಿಯನ್ನು ಒರೆಸಿದೆ. ಬೆರಳನ್ನು ಬುಡದಿಂದ ಮೆಲ್ಲಗೆ ನೀವಿದಾಗ ಎರಡನೆಯದು ಬಂತು, ದುಂಡಗೆ, ಕಪ್ಪು ಕೆಂಪು. ಹಿಡಿದು ಪಟ್ಟಿಯ ಕುಳಿಗೆ ಬಿಟ್ಟು, ಮೇಲೆ ದ್ರವದ ಎರಡು ತೊಟ್ಟು ಹಾಕಿದೆ. ಗಡಿಯಾರ ನೋಡಿದೆ.

ಹದಿನೈದು ನಿಮಿಷ. ಒಂದು ಗೆರೆ ಬಂದರೆ ಏನು, ಎರಡು ಬಂದರೆ ಏನು, ಆಗ ಎಲ್ಲಿಗೆ ಹೋಗಬೇಕು, ಗುಳಿಗೆ ಪುಕ್ಕಟೆ ಸಿಗುತ್ತದೆ, ಅದನ್ನು ತಗೊಂಡು ಎಷ್ಟೋ ಮಂದಿ ಮುದುಕರಾಗುವ ತನಕ ಬದುಕಿದ್ದಾರೆ ಎಂದು ಹೇಳಿದೆ. ಬರಿ ಅದನ್ನೇ ಹೇಳಿದೆ, ಬಣ್ಣ ಹಚ್ಚಲಿಲ್ಲ. ಅವಳು ಕೇಳಿದಳೋ ಇಲ್ಲವೋ. ಅವಳ ಕಣ್ಣು ಗೋಡೆಯ ಮೇಲಿನ ಪಂಪಣ್ಣನ ಫೋಟೋದ ಮೇಲಿತ್ತು. ‘ಗುಳಿಗಿ ನುಂಗೋಮುಂದ ನನ್ನ ಕಡೆ ಬೆನ್ನ ಮಾಡಿ ನಿಂದ್ರತಿದ್ದ’ ಅಂದಳು. ‘ನೀರು ನಾನಾ ಕೊಡ್ತಿದ್ನಿ.’

ಹೊತ್ತು ತುಂಬಿತು. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ, ಗೋವಿಂದರಾಜ ಸರ್ ಹೇಳಿದಂತೆ ಎರಡು ಸಲ ನೋಡಿದೆ. ಆಮೇಲೆ ಚಾಪೆಯ ಮೇಲೆ ಅವಳ ಹತ್ತಿರ ಸರಿದು ಕೂತು, ಕಂಡದ್ದನ್ನು ಕಂಡಂತೆ, ಪಾರಮ್ಮನಿಗೊಬ್ಬಳಿಗೇ ಹೇಳಿದೆ.