ಕೊಕ್ಕೆಯ ಮೇಲಿಲ್ಲದ ಬಿಲ್ಲೆ

ಮುಚ್ಚಳ ಎಳೆದ ಸದ್ದು ಕೇಳಿದಾಗ ಬೆಲ್ಮಿರೊ ಹಡಗಿನ ತಳದ ಟ್ಯಾಂಕಿನ ಆ ಕೊನೆಯಲ್ಲಿ ಬೋರಲು ಮಲಗಿ, ತಗಡು ಜೋಡಿಸಿದ ರಿವೆಟ್ ಮೊಳೆಗಳನ್ನು ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದ. ಪಕ್ಕದ ಟ್ಯಾಂಕಿನದಿರಬೇಕು ಎಂದುಕೊಂಡ. ಆಮೇಲೆ ತನ್ನ ಟ್ಯಾಂಕಿನೊಳಗೇ ನೀರು ಬೀಳುವ ಸದ್ದು ಕೇಳಿಸಿತು.

ರಿಯೊದ ಆ ಹಡಗುಕಟ್ಟೆಯಲ್ಲಿ ನದಿಗಳ ಹೆಸರಿನ ಡೆಸ್ಟ್ರಾಯರ್ ಯುದ್ಧನೌಕೆಗಳನ್ನು ಹತ್ತು ವರ್ಷದಿಂದ ಕಟ್ಟುತ್ತಲೇ ಇದ್ದರು. ಹತ್ತು ವರ್ಷ ಇಲ್ಲದ ಅವಸರ ಈ ಟ್ಯಾಂಕಿಗೆ ನೀರು ತುಂಬಿಸಿ ಸೋರಿಕೆ ನೋಡುವುದಕ್ಕೆ ಬಂದಿತ್ತು! ಒಳಗೆ ಇಳಿಯುವವನು ತನ್ನ ಹಿತ್ತಾಳೆ ಬಿಲ್ಲೆಯನ್ನು ಟ್ಯಾಂಕಿನ ಬಾಯಿಯ ಪಕ್ಕದ ಕೊಕ್ಕೆಗೆ ಹಾಕಬೇಕು. ಬಿಲ್ಲೆ ಇದ್ದರೆ ಒಳಗೆ ಮನುಷ್ಯನಿದ್ದಾನೆ, ಇಲ್ಲದಿದ್ದರೆ ಮುಚ್ಚಬಹುದು. ಬೆಲ್ಮಿರೊನ ಬಿಲ್ಲೆ ಅವನ ಕೊರಳಲ್ಲೇ ಇತ್ತು. ಅದೇ ದಾರಕ್ಕೆ ಹೆಂಡತಿ ಜುಲೈಕಾ ಸಂತ ಜೋರ್ಜಿಯ ಪದಕವನ್ನೂ ಗಂಟು ಹಾಕಿದ್ದಳು. ಸಂತನನ್ನು ಹೊರಗೆ ಬಿಟ್ಟು ಆ ಕತ್ತಲಿಗೆ ಇಳಿಯಲು ಅವನಿಗೆ ಭಯ. ಇಪ್ಪತ್ತು ವರ್ಷದಿಂದ ಇದೇ ಕೆಲಸದಲ್ಲಿದ್ದವನು, ಇದನ್ನು ಯಾರ ಮುಂದೂ ಬಾಯಿಬಿಟ್ಟವನಲ್ಲ.

ಮೊಣಕೈ ತರಚಿಕೊಳ್ಳುತ್ತಾ ತೆವಳಿ ಬಾಯಿಯ ಹತ್ತಿರ ಬಂದ. ಮುಚ್ಚಳ ಬಿಗಿಯಾಗಿತ್ತು. ಸುತ್ತಿಗೆಯಿಂದ ಬಡಿದ, ಕಿರುಚಿದ. ಮೇಲೆ ನೂರು ಸುತ್ತಿಗೆಗಳು ಬಡಿಯುತ್ತಿದ್ದವು. ಇವನದೊಂದನ್ನು ಯಾರು ಕೇಳುತ್ತಾರೆ?

ನೀರು ಹೊಟ್ಟೆಗೆ ತಾಗಿತು. ಟಾರ್ಚ್ ಕೈಜಾರಿ ಮುಳುಗಿ ಆರಿಹೋಯಿತು. ಹನ್ನೊಂದಕ್ಕೆ ಊಟದ ಸೈರನ್ ಆಗುತ್ತದೆ, ಆಗ ಎಲ್ಲ ಸುತ್ತಿಗೆಗಳೂ ನಿಲ್ಲುತ್ತವೆ. ಅಲ್ಲಿಯವರೆಗೆ ಉಳಿಯಬೇಕು. ಸಂತನನ್ನು ಬೇಡಿಕೊಂಡ, ನಡುವೆ ಬಾಯಿಗೆ ಬಂದಂತೆ ಬೈದ, ಬೈದದ್ದಕ್ಕೆ ಹೆದರಿ ಮತ್ತೆ ಬೇಡಿಕೊಂಡ. ನೀರು ಎದೆಗೆ ಬಂತು, ಗಂಟಲಿಗೆ ಬಂತು. ಕತ್ತು ಹೊರಳಿಸಿ ಮೂಗನ್ನು ಮೇಲಿನ ತಗಡಿಗೆ ಒತ್ತಿ ಹಿಡಿದ.

ಸೈರನ್ ಆಯಿತು. ಹಡಗೆಲ್ಲ ಗಪ್‌ಚಿಪ್ಪಾಯಿತು.

ಬಡಿದ. ಯಾರೂ ಬರಲಿಲ್ಲ. ಮತ್ತೆ ಬಡಿದ. ಕೈ ಸೋತು ಸುತ್ತಿಗೆ ಎತ್ತಲಾಗದೆ ಹೋಯಿತು. ಅಷ್ಟರಲ್ಲಿ ಮೇಲೆ ಯಾರೋ ಧೊಪ್ಪನೆ ಕುಳಿತ ಸದ್ದು. ಜೊತೆಗಾರ ಜುರಂದಿರ್ ಊಟದ ಡಬ್ಬಿ ಹಿಡಿದು ಕೂರುವುದು ಈ ಮುಚ್ಚಳದ ಮೇಲೆಯೇ. ಬೆಲ್ಮಿರೊ ಕೊನೆಯ ಶಕ್ತಿಯಿಂದ ಬಿಲ್ಲೆಯನ್ನೇ ತಗಡಿಗೆ ಕುಟ್ಟಿದ. ಮೂರು ಸಲ.

ಮೇಲಿನಿಂದ ಚಮಚ ಮೂರು ಸಲ ತಟ್ಟಿತು. ಆಮೇಲೆ ಕೂಗು: "ನೀರು ನಿಲ್ಸ್ರೋ! ಒಳಗೆ ಮನುಷ್ಯ ಇದಾನೆ!"

ಹೊರಗೆಳೆದಾಗ ಬೆಲ್ಮಿರೊನ ಹಲ್ಲು ಕಟಕಟ ಅನ್ನುತ್ತಿದ್ದವು. ಜುರಂದಿರ್‌ನ ಡಬ್ಬಿಯ ಹುರುಳಿಕಾಯಿ ಬೀಜದ ಸಾರು ನೆಲದ ಮೇಲೆ ಚೆಲ್ಲಿತ್ತು. ಜುರಂದಿರ್ ಅವನ ಕೆನ್ನೆಗೊಂದು ಬಿಗಿದ, ಆಮೇಲೆ ತಬ್ಬಿಕೊಂಡು ಅತ್ತ.

"ಕೊಕ್ಕೆ ಖಾಲಿ ಇತ್ತಲ್ಲೋ ಮಾರಾಯ! ಎರಡು ಸಲ ನೋಡ್ದೆ. ನಾನೇ ಕಣೋ ಬೋಲ್ಟ್ ಬಿಗಿದಿದ್ದು, ಈ ಕೈಯಿಂದ್ಲೇ!"

ಬೆಲ್ಮಿರೊ ಮುಷ್ಟಿ ಬಿಚ್ಚಿದ. ಬಿಲ್ಲೆ, ಸಂತ, ಎರಡೂ ಒಂದೇ ದಾರದಲ್ಲಿ.

"ಇಷ್ಟಕ್ಕೇನೋ? ಭಯ ಆಗುತ್ತೆ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು ನಿಂಗೆ?"

"ನೀನು ನಗ್ತಿದ್ದೆ."

"ನಗ್ತಿದ್ದೆ, ನಿಜ," ಎಂದು ಜುರಂದಿರ್ ಮೂಗು ಒರೆಸಿಕೊಂಡ.

ಮರುದಿನ ನೀರು ಖಾಲಿ ಮಾಡಿದ ಅದೇ ಟ್ಯಾಂಕಿಗೆ ಬೆಲ್ಮಿರೊನೇ ಇಳಿಯಬೇಕಿತ್ತು. ಕೊಕ್ಕೆಯ ಮುಂದೆ ನಿಂತ ಅವನ ಬೆರಳುಗಳು ದಾರವನ್ನು ಬಿಡಲೊಲ್ಲವು. ಜುರಂದಿರ್ ಬಂದು ಒಂದೊಂದೇ ಬೆರಳು ಬಿಡಿಸಿ ದಾರವನ್ನು ಕೊಕ್ಕೆಗೆ ಹಾಕಿದ.

"ಸಂತ ಹೊರಗೇ ಇರಲಿ. ನೀನು ಒಳಗಿದೀಯ ಅಂತ ನಂಗೆ ಹೇಳೋರು ಬೇಕಲ್ಲ."

ಬೆಲ್ಮಿರೊ ಇಳಿದ. ಜುರಂದಿರ್ ಬಾಯಿಯ ಪಕ್ಕ ಕುಳಿತು ಚಮಚದಿಂದ ತಗಡು ತಟ್ಟಿದ. ಒಳಗಿನಿಂದ ಸುತ್ತಿಗೆ ಉತ್ತರ ಕೊಡುವವರೆಗೂ ತಟ್ಟುತ್ತಲೇ ಇದ್ದ.